ಬೋರ್‌ವೆಲ್ ನೀರು, ಮೋಲಿ ಮೀನು: ಹಿತ್ತಲ ತೊಟ್ಟಿಯಲ್ಲಿ ನಾನು ಕಲಿತ ಲೆಕ್ಕ

ಗೌರಿ ಹಬ್ಬಕ್ಕೆ ಮೂರು ದಿನ ಇತ್ತು. ಮನೆಯಲ್ಲಿ ಸುಣ್ಣ ಬಳಿಯೋದು, ಪಾತ್ರೆ ಬೆಳಗೋದು ನಡೀತಿತ್ತು. ನಾನೂ ಸುಮ್ಮನಿರಲಾರದೆ ಹಿತ್ತಲ ಶೆಡ್‌ನಲ್ಲಿದ್ದ ಮೀನಿನ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ, ಬ್ರಷ್ ಹಾಕಿ ಉಜ್ಜಿ, ಫಿಲ್ಟರ್ ಸ್ಪಂಜನ್ನು ನಲ್ಲಿ ನೀರಿನಲ್ಲಿ ಹಿಂಡಿ ಹಿಂಡಿ ಬೆಳ್ಳಗೆ ಮಾಡಿ, ಬೋರ್‌ವೆಲ್ ನೀರು ತುಂಬಿಸಿ ಮೀನು ವಾಪಸ್ ಬಿಟ್ಟೆ. ನೀರು ಕನ್ನಡಿ ಥರ ಇತ್ತು. ಫೋಟೋ ತೆಗೆದು ಸ್ಟೇಟಸ್‌ಗೂ ಹಾಕಿದೆ.

ನಾಲ್ಕನೇ ದಿನ ಬೆಳಿಗ್ಗೆ ಅಮ್ಮ ಕೂಗಿದರು: "ಲೋ ಮಗ, ಮೀನೆಲ್ಲ ಮ್ಯಾಲಕ್ಕೆ ಬಂದು ಬಾಯ್ ಬುಡ್ತಾ ಅವೆ, ಏನಾಯ್ತು ನೋಡ್ಲಾ!" ಓಡಿ ಹೋಗಿ ನೋಡಿದರೆ ಅರ್ಧ ಮೀನು ಆಗಲೇ ತೇಲುತ್ತಿದ್ದವು. ಸಂಜೆ ಹೊತ್ತಿಗೆ 180 ಕಪ್ಪು ಮೋಲಿಯಲ್ಲಿ 140 ಹೋದವು. ಮುಂದಿನ ವಾರ ಅಂಗಡಿಗೆ ಕೊಡಬೇಕಾಗಿದ್ದ ಮಾಲು ಅದು. ಆ ತೊಟ್ಟಿ ಕಟ್ಟಿಸೋಕೆ ಅಮ್ಮ ಸಂಘದಲ್ಲಿ ಸಾಲ ತೆಗೆದಿದ್ದರು, ಕಂತು ಇನ್ನೂ ನಡೀತಾ ಇತ್ತು. ಅವರು ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ನಮ್ಮೂರು ಹನಕೆರೆ. ಮದ್ದೂರಿಗೂ ಮಂಡ್ಯಕ್ಕೂ ನಡುವೆ, ಹಳೇ ಬೆಂಗಳೂರು–ಮೈಸೂರು ರಸ್ತೆ ಮೇಲೆ. ಕಬ್ಬು, ಭತ್ತ ನಮ್ಮ ಕಸುಬು. ಅಲಂಕಾರಿಕ ಮೀನು ಹಿತ್ತಲ ಕಸುಬು. ಈ ವಾರದ ಲೇಖನದಲ್ಲಿ ಯಾವ ಮೀನು ಸಾಕಬೇಕು, ಎಷ್ಟಕ್ಕೆ ಮಾರಬೇಕು ಅನ್ನೋದನ್ನ ಹೇಳಲ್ಲ. ನೀರಿನ ವಿಷಯ ಮಾತ್ರ. ಮನೆಯಲ್ಲಿ ಒಂದು ಗಾಜಿನ ಅಕ್ವೇರಿಯಂ ಇಟ್ಟವರಿಗೂ ಇದೇ ಲೆಕ್ಕ, ಹತ್ತು ತೊಟ್ಟಿ ಇಟ್ಟವರಿಗೂ ಇದೇ ಲೆಕ್ಕ.

ತೊಳೆದದ್ದು ಗಲೀಜನ್ನಲ್ಲ

ಮದ್ದೂರಿನಲ್ಲಿ ಅಕ್ವೇರಿಯಂ ಅಂಗಡಿ ಇಟ್ಟಿರುವ ಅಣ್ಣ ಒಬ್ಬರಿದ್ದಾರೆ. ಉಳಿದ 40 ಮೀನನ್ನಾದರೂ ಉಳಿಸಿಕೊಳ್ಳೋಣ ಅಂತ ಅವರಿಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ಸ್ಪಂಜನ್ನ ಏನ್ ಮಾಡ್ದೆ?" ಹೇಳಿದೆ. "ನೀನು ತೊಳೆದಿದ್ದು ಗಲೀಜಲ್ಲ ತಮ್ಮಾ, ನಿನ್ನ ಕೂಲಿ ಆಳುಗಳನ್ನ ಓಡಿಸಿಬಿಟ್ಟಿದ್ದೀಯ" ಅಂದರು.

ಆಳುಗಳು ಅಂದರೆ ಬ್ಯಾಕ್ಟೀರಿಯಾ. ರೈತರಾದ ನಮಗೆ ಇದು ಬೇಗ ಅರ್ಥವಾಗಬೇಕು, ಯಾಕಂದ್ರೆ ಇದೇ ಕೆಲಸ ನಮ್ಮ ಹೊಲದಲ್ಲೂ ನಡೀತದೆ. ಕಬ್ಬಿಗೆ ಯೂರಿಯಾ ಹಾಕ್ತೀವಿ. ಅದು ಮಣ್ಣಿನಲ್ಲಿ ಮೊದಲು ಅಮೋನಿಯಾ ರೂಪಕ್ಕೆ ಬರುತ್ತದೆ, ಆಮೇಲೆ ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ತೊಟ್ಟಿಯಲ್ಲಿ ಯೂರಿಯಾ ಬದಲು ಮೀನಿನ ಕಿವಿರು, ಮಲ, ಉಳಿದ ಆಹಾರ ಅಮೋನಿಯಾ ಕೊಡುತ್ತವೆ. ಮುಂದಿನ ದಾರಿ ಒಂದೇ. ಅಮೋನಿಯಾ ಮೀನಿಗೆ ವಿಷ, ನೈಟ್ರೈಟೂ ವಿಷ, ನೈಟ್ರೇಟ್ ಮಟ್ಟಿಗೆ ಮಾತ್ರ ಮೀನು ಸುಮಾರಾಗಿ ತಡ್ಕೊಳ್ಳುತ್ತದೆ.

ಈ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಿಕೊಂಡು ಇರೋದು ಕಡಿಮೆ. ಸ್ಪಂಜು, ಕಲ್ಲು, ತೊಟ್ಟಿಯ ಗೋಡೆ, ಇವುಗಳ ಮೇಲೆ ಲೋಳೆಯ ಹಾಗೆ ಅಂಟಿಕೊಂಡಿರುತ್ತವೆ. ಅದಕ್ಕೇ ನೀರು ಎಷ್ಟು ತೆಳ್ಳಗೆ ಕಂಡರೂ ಅದು ಒಳ್ಳೇ ನೀರು ಅಂತ ಅಲ್ಲ. ನಾನು ಗೋಡೆ ಉಜ್ಜಿದೆ, ಸ್ಪಂಜನ್ನು ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಹಿಂಡಿದೆ. ಕ್ಲೋರಿನ್ ಹಾಕೋದು ನಾವು ಕುಡಿಯುವ ನೀರಿನಲ್ಲಿ ರೋಗಾಣು ಸಾಯಲಿ ಅಂತ. ಅದಕ್ಕೆ ಒಳ್ಳೇ ಬ್ಯಾಕ್ಟೀರಿಯಾ, ಕೆಟ್ಟ ಬ್ಯಾಕ್ಟೀರಿಯಾ ಅನ್ನೋ ಭೇದ ಇಲ್ಲ.

ಸ್ಪಂಜು ತೊಳೆಯಬೇಕಾ? ತೊಳೆಯಬೇಕು. ಆದರೆ ತೊಟ್ಟಿಯಿಂದಲೇ ಒಂದು ಬಕೆಟ್ ನೀರು ತೆಗೆದುಕೊಂಡು ಅದರಲ್ಲಿ ಎರಡು ಸಲ ಮೆಲ್ಲಗೆ ಹಿಂಡಿ, ಹಾಗೇ ವಾಪಸ್ ಇಡಿ. ಕಂದು ಬಣ್ಣ ಪೂರ್ತಿ ಹೋಗಬಾರದು. ಎರಡು ಸ್ಪಂಜು ಇದ್ದರೆ ಈ ವಾರ ಒಂದು, ಇನ್ನೆರಡು ವಾರ ಬಿಟ್ಟು ಇನ್ನೊಂದು.

ನಾಲ್ಕು ದಿನದಲ್ಲಿ ಎಷ್ಟು ವಿಷ ಸೇರಿತು?

ಆಮೇಲೆ ಕೂತು ಲೆಕ್ಕ ಹಾಕಿದೆ. ಇದನ್ನು ಮೊದಲೇ ಹಾಕಿದ್ದರೆ ಮೀನು ಉಳೀತಿದ್ದವು.

ತೊಟ್ಟಿ 6 ಅಡಿ ಉದ್ದ, 4 ಅಡಿ ಅಗಲ, ನೀರು ಒಂದೂವರೆ ಅಡಿ. ಗುಣಿಸಿದರೆ 36 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್, ಅಂದರೆ ಹತ್ತಿರ ಹತ್ತಿರ 1,000 ಲೀಟರ್. ಮೀನು 180, ಒಂದೊಂದು ಸುಮಾರು 3 ಗ್ರಾಂ, ಒಟ್ಟು 540 ಗ್ರಾಂ. ದಿನಕ್ಕೆ ಮೈತೂಕದ ಶೇ 3ರಷ್ಟು ಆಹಾರ ಅಂದರೆ 16 ಗ್ರಾಂ. ಮೀನಿನ ಪೆಲೆಟ್ ಆಹಾರದ ತೂಕದಲ್ಲಿ ಅಂದಾಜು ಶೇ 3ರಷ್ಟು ಅಮೋನಿಯಾ ಆಗಿ ನೀರಿಗೆ ಬರುತ್ತದೆ ಅನ್ನೋದು ಮೀನು ಸಾಕಣೆಯಲ್ಲಿ ಎಲ್ಲರೂ ಹಿಡಿಯುವ ಲೆಕ್ಕ. 16 ಗ್ರಾಂಗೆ ಹೆಚ್ಚುಕಮ್ಮಿ ಅರ್ಧ ಗ್ರಾಂ. 1,000 ಲೀಟರ್‌ಗೆ ಅರ್ಧ ಗ್ರಾಂ ಅಂದರೆ ಲೀಟರ್‌ಗೆ ಅರ್ಧ ಮಿಲಿಗ್ರಾಂ, ಅದೇ 0.5 ಪಿಪಿಎಂ. ತಿನ್ನುವ ಆಳು ಇಲ್ಲದಿದ್ದರೆ ನಾಲ್ಕು ದಿನಕ್ಕೆ 2 ಪಿಪಿಎಂ. ಅಂಗಡಿಯ ಅಣ್ಣ ತಂದ ಕಿಟ್‌ನಲ್ಲಿ ಹನಿ ಹಾಕಿ ನೋಡಿದಾಗ ಬಂದದ್ದೂ 2. ನೈಟ್ರೈಟ್ ಸೊನ್ನೆ. ಅಮೋನಿಯಾ ಏರಿದೆ, ನೈಟ್ರೈಟ್ ಹುಟ್ಟೇ ಇಲ್ಲ ಅಂದರೆ ಮೊದಲ ಗುಂಪಿನ ಬ್ಯಾಕ್ಟೀರಿಯಾನೇ ಕೆಲಸ ಬಿಟ್ಟಿದೆ ಅಂತ ಅರ್ಥ.

ಇಲ್ಲಿ ಇನ್ನೊಂದು ವಿಷಯ ಇದೆ, ನಮ್ಮ ಕಡೆಯವರಿಗೆ ಇದು ಬಹಳ ಮುಖ್ಯ. ಅದೇ 2 ಪಿಪಿಎಂ ಅಮೋನಿಯಾ ಮಲೆನಾಡಿನ ಮೆದು ನೀರಿನಲ್ಲಿ ಇದ್ದಿದ್ದರೆ ಬಹುಶಃ ಇಷ್ಟು ಮೀನು ಸಾಯುತ್ತಿರಲಿಲ್ಲ. ನೀರಿನಲ್ಲಿ ಅಮೋನಿಯಾ ಎರಡು ವೇಷದಲ್ಲಿ ಇರುತ್ತದೆ. ಒಂದು ಅಮೋನಿಯಂ, ಇದರಿಂದ ಅಪಾಯ ಕಡಿಮೆ. ಇನ್ನೊಂದು ಕಿವಿರಿನೊಳಗೆ ಸಲೀಸಾಗಿ ನುಗ್ಗುವ ಬಿಡಿ ಅಮೋನಿಯಾ, ಇದೇ ಕೊಲ್ಲೋದು. ಯಾವುದು ಎಷ್ಟು ಅನ್ನೋದನ್ನು ಪಿಎಚ್ ಮತ್ತು ಬಿಸಿ ತೀರ್ಮಾನ ಮಾಡುತ್ತವೆ. 25 ಡಿಗ್ರಿಯಲ್ಲಿ, ಪಿಎಚ್ 7 ಇದ್ದರೆ ಕೊಲ್ಲುವ ಪಾಲು ಶೇ 1ಕ್ಕಿಂತಲೂ ಕಡಿಮೆ. ಪಿಎಚ್ 8ಕ್ಕೆ ಏರಿದರೆ ಶೇ 5. ಪಿಎಚ್ 9 ಆದರೆ ಶೇ 36ರ ಹತ್ತಿರ. ನನ್ನ ತೊಟ್ಟಿಯಲ್ಲಿ ಅವತ್ತು ಪಿಎಚ್ 8.4, ನೀರಿನ ಬಿಸಿ 28 ಡಿಗ್ರಿ. ಶೇ 15ರಷ್ಟು ವಿಷದ ಪಾಲು, ಅಂದರೆ 0.3 ಪಿಪಿಎಂ. ಇದು 0.02ರಿಂದ 0.05ರ ಒಳಗೆ ಇರಬೇಕು. ಹತ್ತು ಪಟ್ಟು ಹತ್ತಿರ ಇತ್ತು.

ಕಿಟ್ ಕೊಳ್ಳುವಾಗ ನೆನಪಿಡಿ: ಬಾಟಲಿಯ ಹನಿ ಹಾಕಿ ಬಣ್ಣ ನೋಡುವ ಕಿಟ್ ಸಾಮಾನ್ಯವಾಗಿ ಎರಡೂ ವೇಷ ಸೇರಿಸಿ ಒಟ್ಟು ಅಮೋನಿಯಾ ತೋರಿಸುತ್ತದೆ. ಆದ್ದರಿಂದ ಪಿಎಚ್ ನೋಡದೆ ಅಮೋನಿಯಾ ಒಂದನ್ನೇ ನೋಡಿದರೆ ಅರ್ಧ ವಿಷಯ ಮಾತ್ರ ಗೊತ್ತಾಗುತ್ತದೆ.

ನಮ್ಮ ಬೋರ್‌ವೆಲ್ ನೀರಿನ ಗುಣ

ಬೋರ್‌ವೆಲ್ ನೀರು ಗಡಸು ಅನ್ನೋದು ಗೊತ್ತಾಗೋಕೆ ಲ್ಯಾಬ್ ಬೇಡ. ಸೋಪು ನೊರೆ ಬರಲ್ಲ, ಬಿಸಿನೀರು ಹಂಡೆಯಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಮೀನಿಗೆ ಇದು ಕೆಟ್ಟದ್ದು ಅಂತ ಎಷ್ಟೋ ಜನ ಹೇಳ್ತಾರೆ, ಆರ್‌ಒ ಮಶೀನ್ ಹಾಕಿಸು ಅಂತಾರೆ. ನಾನು ಒಪ್ಪಲ್ಲ. ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್, ಅಂದರೆ ಮರಿ ಹಾಕುವ ಮೀನುಗಳಿಗೆ ಗಡಸು, ಸ್ವಲ್ಪ ಕ್ಷಾರದ ನೀರೇ ಇಷ್ಟ. ಮೋಲಿಯನ್ನು ಮೆದು ನೀರಿನಲ್ಲಿ ಇಟ್ಟರೆ ರೆಕ್ಕೆ ಮಡಚಿಕೊಂಡು ನಡುಗುತ್ತಾ ನಿಲ್ಲುತ್ತದೆ. ಡಿಸ್ಕಸ್, ಟೆಟ್ರಾಗಳಿಗೆ ಮೆದು ನೀರು ಬೇಕು. ಅವುಗಳ ಗೊಡವೆ ನಮಗೆ ಯಾಕೆ? ಊರಿನ ನೀರಿಗೆ ಹೊಂದುವ ಬೆಳೆ ಹಾಕೋ ಹಾಗೆ, ಇರೋ ನೀರಿಗೆ ಹೊಂದುವ ಮೀನು ಸಾಕಿ.

ಗಡಸು ನೀರಿನ ಇನ್ನೊಂದು ಲಾಭ: ಅದರಲ್ಲಿರುವ ಕಾರ್ಬೊನೇಟ್ ಅಂಶ ಪಿಎಚ್ ದಿಢೀರನೆ ಬೀಳದ ಹಾಗೆ ಹಿಡಿದುಕೊಳ್ಳುತ್ತದೆ. ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಈ ಕಾರ್ಬೊನೇಟನ್ನು ತಿನ್ನುತ್ತಾ ಹೋಗುತ್ತದೆ. ಬರೀ ಮಳೆ ನೀರು ತುಂಬಿದ ತೊಟ್ಟಿಯಲ್ಲಿ ಅದು ಬೇಗ ಮುಗಿದು ಪಿಎಚ್ ಕುಸಿದು ಬ್ಯಾಕ್ಟೀರಿಯಾ ಕೆಲಸವೇ ನಿಲ್ಲುತ್ತದೆ. ಏಂಜೆಲ್ ಮೀನಿಗೆ ನೀರು ಮೆದು ಮಾಡಬೇಕು ಅಂದರೆ ಮಳೆ ನೀರು ಅರ್ಧ, ಬೋರ್‌ವೆಲ್ ಅರ್ಧ ಬೆರೆಸಿ. ಗಡಸುತನವೂ ಅರ್ಧಕ್ಕೆ ಇಳಿಯುತ್ತದೆ. ಪಿಎಚ್ ಇಳಿಸೋಕೆ ವಿನೆಗರ್, ನಿಂಬೆರಸ ಹಾಕೋ ವಿಡಿಯೋಗಳನ್ನು ನಂಬಬೇಡಿ. ಗಡಸು ನೀರಿನಲ್ಲಿ ಅದು ಸಂಜೆ ಇಳಿದು ಬೆಳಿಗ್ಗೆ ಮೊದಲಿದ್ದಲ್ಲಿಗೇ ಏರುತ್ತದೆ. ಪಿಎಚ್ 8ರಲ್ಲೇ ಸ್ಥಿರವಾಗಿ ಇರೋದಕ್ಕಿಂತ ಈ ಏರಿಳಿತ ಮೀನಿಗೆ ಹೆಚ್ಚು ಕಷ್ಟ.

ಒಂದು ಪರೀಕ್ಷೆ ಈಗಲೇ ಮಾಡಿ ನೋಡಿ. ಮೋಟರ್ ಹಾಕಿದ ತಕ್ಷಣ ಒಂದು ಬಕೆಟ್ ನೀರು ಹಿಡಿದು ಪಿಎಚ್ ಅಳೆಯಿರಿ. ಅದರೊಳಗೆ ಏರೇಟರ್ ಕಲ್ಲು ಬಿಟ್ಟು 24 ಗಂಟೆ ನಡೆಸಿ, ಮತ್ತೆ ಅಳೆಯಿರಿ. ನನ್ನ ಬೋರ್‌ವೆಲ್‌ನಲ್ಲಿ ಮೊದಲು 7.2 ಬಂತು, ಮಾರನೇ ದಿನ 8.2. ನೆಲದೊಳಗೆ ನೀರಿನಲ್ಲಿ ಸೇರಿದ್ದ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತಲೇ ಪಿಎಚ್ ಏರುತ್ತದೆ. ಮೇಲಾಗಿ ಆಳದಿಂದ ಬಂದ ನೀರಿನಲ್ಲಿ ಆಮ್ಲಜನಕ ತುಂಬಾ ಕಡಿಮೆ. ಹಾಗಾಗಿ ಪೈಪಿನಿಂದ ನೇರವಾಗಿ ತೊಟ್ಟಿಗೆ ಬಿಡಬಾರದು. ನಾನು ಈಗ 500 ಲೀಟರ್ ಡ್ರಮ್ ಒಂದರಲ್ಲಿ ಒಂದು ದಿನ ಗಾಳಿ ಆಡಿಸಿ ಇಟ್ಟು ಆಮೇಲೆ ಬಳಸ್ತೀನಿ.

ನಲ್ಲಿ ನೀರೇ ಗತಿ ಅನ್ನುವವರು ಇದೇ ರೀತಿ ಬಾಯಿ ತೆರೆದ ಡ್ರಮ್‌ನಲ್ಲಿ ಒಂದು ದಿನ ಗಾಳಿ ಆಡಿಸಿದರೆ ಕ್ಲೋರಿನ್ ಹೋಗುತ್ತದೆ. ಅರ್ಜೆಂಟ್ ಇದ್ದರೆ ಸೋಡಿಯಂ ಥಯೋಸಲ್ಫೇಟ್ ಹರಳು 100 ಲೀಟರ್‌ಗೆ 1 ಗ್ರಾಂ ಕರಗಿಸಿ ಹಾಕಿ. ಊರ ಟ್ಯಾಂಕಿಗೆ ಬ್ಲೀಚಿಂಗ್ ಹಾಕಿದ ದಿನ ವಾಸನೆ ಜೋರಾಗಿದ್ದರೆ ಅವತ್ತು ಆ ನೀರಿನ ತಂಟೆಗೇ ಹೋಗಬೇಡಿ.

ನಾಲೆ ನೀರಿನ ಬಗ್ಗೆ ಬಹಳ ಜನ ಕೇಳ್ತಾರೆ. ಕನ್ನಂಬಾಡಿಯಿಂದ ಬರುವ ವಿಶ್ವೇಶ್ವರಯ್ಯ ನಾಲೆ ನಮ್ಮ ಭಾಗದ ಜೀವನಾಡಿ, ಅದರಲ್ಲಿ ಎರಡು ಮಾತಿಲ್ಲ. ನೀರು ಮೆದು ಕೂಡ. ಆದರೆ ಕಟ್ಟು ನೀರು, ಬಂದಾಗ ಬಂತು, ಇಲ್ಲದಾಗ ಇಲ್ಲ. 2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿ ತುಂಬದೇ ಹೋದಾಗ ಬೆಳೆಗೇ ನೀರಿರಲಿಲ್ಲ, ಮೀನಿನ ಮಾತೆಲ್ಲಿ ಬಂತು. ಎರಡನೆಯದು ಔಷಧಿ. ಭತ್ತಕ್ಕೆ ಹೊಡೆಯುವ ಪೈರೆಥ್ರಾಯ್ಡ್ ಜಾತಿಯ ಕೀಟನಾಶಕಗಳು, ಲ್ಯಾಂಬ್ಡಾ, ಸೈಪರ್‌ಮೆಥ್ರಿನ್ ಇಂಥವು, ನಮಗಿಂತ ಎಷ್ಟೋ ಪಟ್ಟು ಹೆಚ್ಚಾಗಿ ಮೀನಿಗೆ ವಿಷ. ಗದ್ದೆಯಿಂದ ಬಸಿದು ಬಂದ ಕಾಲುವೆ ನೀರನ್ನು ಸಿಂಪಡಣೆ ಕಾಲದಲ್ಲಿ ಶೆಡ್ ಒಳಗೆ ತರಬೇಡಿ. ಔಷಧಿ ಕಲಸಿದ ಬಕೆಟ್ ಎಷ್ಟೇ ತೊಳೆದಿದ್ದರೂ ಮೀನಿಗೆ ಬೇಡ. ನನ್ನ ಮೀನಿನ ಬಕೆಟ್‌ಗಳೆಲ್ಲ ಹಳದಿ; ಮನೆಯಲ್ಲಿ ಬೇರೆ ಯಾರೂ ಮುಟ್ಟಬಾರದು ಅಂತ ಕಟ್ಟಪ್ಪಣೆ. ಸೊಳ್ಳೆಗೆ ಹಚ್ಚುವ ಲಿಕ್ವಿಡ್ ಮಶೀನ್‌ನಲ್ಲೂ ಇದೇ ಜಾತಿಯ ವಿಷ ಇರೋದು. ಏರ್ ಪಂಪ್ ಇಟ್ಟ ಕೋಣೆಯಲ್ಲಿ ಅದನ್ನು ಹಾಕಿದರೆ ಪಂಪ್ ಆ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ.

ಹೊಸ ತೊಟ್ಟಿ ಶುರು ಮಾಡುವಾಗ

ಸಿಮೆಂಟ್ ತೊಟ್ಟಿ ಕಟ್ಟಿಸಿದ ಮಾರನೇ ವಾರವೇ ಮೀನು ಬಿಟ್ಟವರನ್ನು ನೋಡಿದ್ದೀನಿ. ಹೊಸ ಸಿಮೆಂಟ್ ಸುಣ್ಣ ಬಿಡುತ್ತದೆ, ಪಿಎಚ್ 9 ದಾಟಿ ಹೋಗುತ್ತದೆ. ನೀರು ತುಂಬಿಸಿ, ಬಾಳೆದಿಂಡು ಕತ್ತರಿಸಿ ಹಾಕಿ, ನಾಲ್ಕೈದು ದಿನಕ್ಕೊಮ್ಮೆ ಖಾಲಿ ಮಾಡಿ ಮತ್ತೆ ತುಂಬಿಸಿ. ಹೀಗೆ ಎರಡು ಮೂರು ವಾರ. ಬಾಳೆದಿಂಡು ಎಲ್ಲರೂ ಹಾಕ್ತಾರೆ, ನಾನೂ ಹಾಕಿದೆ. ಆದರೆ ಅಸಲಿ ಕೆಲಸ ಮಾಡೋದು ನೀರು ಬದಲಾಯಿಸೋದೇ ಅಂತ ನನ್ನ ಅನಿಸಿಕೆ. ಕೊನೆಯ ನೀರು ಮೂರು ದಿನ ನಿಂತ ಮೇಲೂ ಪಿಎಚ್ ನಿಮ್ಮ ಬೋರ್‌ವೆಲ್‌ನಷ್ಟೇ ಇದ್ದರೆ ಆಯ್ತು.

ಆಮೇಲೆ ಬ್ಯಾಕ್ಟೀರಿಯಾ ಬೆಳೆಸಬೇಕು. ಮೀನು ಬಿಡದೆ, ಫಿಲ್ಟರ್ ನಡೆಸುತ್ತಾ, ದಿನಾ ಚಿಟಿಕೆ ಆಹಾರ ಹಾಕುತ್ತಾ ಹೋಗಿ. ಅದು ಕೊಳೆತು ಅಮೋನಿಯಾ ಬರುತ್ತದೆ. ಒಂದೆರಡು ವಾರಕ್ಕೆ ಅಮೋನಿಯಾ ಏರಿ ಇಳಿಯುತ್ತದೆ, ನೈಟ್ರೈಟ್ ಏರುತ್ತದೆ. ಅದೂ ಇಳಿದು ಎರಡೂ ಸೊನ್ನೆಗೆ ಬಂದು, ನೈಟ್ರೇಟ್ ಕಾಣಿಸಿದ ದಿನ ತೊಟ್ಟಿ ಸಿದ್ಧ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಷ್ಟು ದಿನ ಖಾಲಿ ತೊಟ್ಟಿ ನೋಡ್ತಾ ಕೂರೋದು ಕಷ್ಟ, ಒಪ್ಪಿದೆ. ಅಡ್ಡದಾರಿ ಒಂದೇ ಇದೆ: ರೋಗ ಇಲ್ಲದ ಹಳೇ ತೊಟ್ಟಿಯಲ್ಲಿ ಓಡಿದ ಸ್ಪಂಜನ್ನು ತಂದು ಹಾಕೋದು. ಮೊಸರಿಗೆ ಹೆಪ್ಪು ಹಾಕಿದ ಹಾಗೆ. ನನ್ನ 40 ಮೋಲಿ ಉಳಿದದ್ದು ಮದ್ದೂರಿನಿಂದ ಬಂದ ಹಳೇ ಸ್ಪಂಜಿನಿಂದಲೇ. ಒದ್ದೆ ಇರುವಾಗಲೇ ತೊಟ್ಟಿ ನೀರಿನ ಡಬ್ಬದಲ್ಲಿ ಹಾಕಿ ತಂದುಕೊಟ್ಟರು.

ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ

ಮೊದಲು ಆಹಾರ ನಿಲ್ಲಿಸಿ. ಎರಡು ಮೂರು ದಿನ ತಿನ್ನದಿದ್ದರೆ ದೊಡ್ಡ ಮೀನು ಸಾಯಲ್ಲ. ಗಾಳಿ ಜಾಸ್ತಿ ಮಾಡಿ, ಯಾಕಂದ್ರೆ ಬಿಸಿ ನೀರಿನಲ್ಲಿ ಆಮ್ಲಜನಕ ಹಿಡಿಯೋದೇ ಕಮ್ಮಿ: 25 ಡಿಗ್ರಿಯಲ್ಲಿ ಲೀಟರ್‌ಗೆ ಹೆಚ್ಚೆಂದರೆ 8.2 ಮಿಲಿಗ್ರಾಂ, 30 ಡಿಗ್ರಿಯಲ್ಲಿ 7.5. ಮೀನಿಗೆ 5ಕ್ಕಿಂತ ಮೇಲೆ ಬೇಕು. ಆಮೇಲೆ ಗಾಳಿ ಆಡಿಸಿಟ್ಟ ನೀರಿನಲ್ಲಿ ಅರ್ಧ ತೊಟ್ಟಿ ಬದಲಾಯಿಸಿ. 2 ಪಿಪಿಎಂ ಇದ್ದದ್ದು 1 ಆಗುತ್ತದೆ. ಮಾರನೇ ದಿನ ಮತ್ತೆ ಅಳೆದು, ಬೇಕಿದ್ದರೆ ಮತ್ತೆ ಅರ್ಧ.

ಕಿಟ್‌ನಲ್ಲಿ ಅಮೋನಿಯಾ ಇಲ್ಲ, ನೈಟ್ರೈಟ್ ಏರಿದೆ ಅಂತ ಬಂದರೆ ಕಲ್ಲುಪ್ಪು ಕೈ ಹಿಡಿಯುತ್ತದೆ. ನೈಟ್ರೈಟ್ ರಕ್ತಕ್ಕೆ ಸೇರಿ ಆಮ್ಲಜನಕ ಹೊರುವ ಶಕ್ತಿಯನ್ನೇ ಕಿತ್ತುಕೊಳ್ಳುತ್ತದೆ, ಕಿವಿರು ಕಂದು ಬಣ್ಣಕ್ಕೆ ತಿರುಗುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಅದನ್ನು ಕಿವಿರಿನ ಬಾಗಿಲಲ್ಲೇ ತಡೆಯುತ್ತದೆ. ಲೀಟರ್‌ಗೆ 1 ಗ್ರಾಂ ಸಾಕು, ಕರಗಿಸಿ ಮೆಲ್ಲಗೆ ಹಾಕಿ. ಮೋಲಿ, ಗಪ್ಪಿಗೆ ಇದು ಲೆಕ್ಕಕ್ಕೇ ಇಲ್ಲ. ಅಮೋನಿಯಾಕ್ಕೆ ಮಾತ್ರ ಉಪ್ಪು ಔಷಧಿ ಅಲ್ಲ, ಗೊಂದಲ ಮಾಡಿಕೊಳ್ಳಬೇಡಿ. ನೀಲಿ ಔಷಧಿ, ಹಳದಿ ಔಷಧಿ ಅಂತ ಸುರಿಯಲೂ ಬೇಡಿ. ಅವು ಕೆಲವು ಸಲ ಉಳಿದಿರೋ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತವೆ.

ಇನ್ನೊಂದು ಎಚ್ಚರಿಕೆ. ತಿಂಗಳುಗಟ್ಟಲೆ ನೀರು ಬದಲಾಯಿಸದ ಹಳೇ ತೊಟ್ಟಿಯಲ್ಲಿ ಪಿಎಚ್ 6ರ ಹತ್ತಿರ ಇಳಿದಿದ್ದು, ಅಮೋನಿಯಾ ಜಾಸ್ತಿ ಇದ್ದರೂ ಮೀನು ಹೇಗೋ ಬದುಕಿರುತ್ತವೆ. ಅಲ್ಲಿಗೆ ಪಿಎಚ್ 8.2ರ ಬೋರ್‌ವೆಲ್ ನೀರು ಅರ್ಧ ಸುರಿದರೆ ಸುಮ್ಮನಿದ್ದ ಅಮೋನಿಯಂ ವಿಷವಾಗಿ ತಿರುಗುತ್ತದೆ. "ಒಳ್ಳೇ ನೀರು ಹಾಕಿದ್ಮೇಲೇ ಸತ್ತವು" ಅಂತ ಹೇಳೋರ ಕಥೆ ಬಹುಪಾಲು ಇದೇ. ಅಂಥ ತೊಟ್ಟಿಗೆ ದಿನಕ್ಕೆ ಶೇ 10ರಂತೆ ಬದಲಾಯಿಸಿ.

ವಾರದ ಕೆಲಸ

ನಾನು ಭಾನುವಾರ ಬೆಳಿಗ್ಗೆ ಕಾಲು ಭಾಗ ನೀರು ಬದಲಾಯಿಸ್ತೀನಿ. ತಳದ ಕಸವನ್ನು ಪೈಪಿನಿಂದ ಎಳೆದು ತೆಗೆಯೋದೇ ಮುಖ್ಯ, ಮೇಲಿನ ನೀರು ಚೆಲ್ಲಿದರೆ ಪ್ರಯೋಜನ ಇಲ್ಲ. ಆ ನೀರು ತೆಂಗಿನ ಬುಡಕ್ಕೆ, ಸೊಪ್ಪಿನ ಮಡಿಗೆ ಹೋಗುತ್ತದೆ. ಅದರಲ್ಲಿರೋದು ನೈಟ್ರೇಟ್, ಗೊಬ್ಬರವೇ. ಉಪ್ಪು ಹಾಕಿದ ವಾರದ್ದನ್ನು ಮಾತ್ರ ಗಿಡಕ್ಕೆ ಬಿಡಲ್ಲ.

ನೈಟ್ರೇಟ್ ವಿಷಯದಲ್ಲಿ ನಾನು ಮೋಸ ಹೋದದ್ದು ಹೇಗೆ ಅಂದರೆ, ಎಷ್ಟು ನೀರು ಬದಲಾಯಿಸಿದರೂ 40ರ ಕೆಳಗೆ ಇಳೀತಿರಲಿಲ್ಲ. ಕೊನೆಗೆ ಬೋರ್‌ವೆಲ್ ನೀರನ್ನೇ ಅಳೆದೆ. ಅಲ್ಲೇ 30ಕ್ಕೂ ಮೇಲೆ ಇತ್ತು. ವರ್ಷಾನುಗಟ್ಟಲೆ ಕಬ್ಬಿಗೆ ಸುರಿದ ಯೂರಿಯಾ ಎಲ್ಲಿಗೆ ಹೋಗುತ್ತದೆ ಅಂತ ಅವತ್ತು ಕಣ್ಣಿಗೆ ಕಂಡಿತು. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ 45. ನಿಮ್ಮದನ್ನೂ ಒಮ್ಮೆ ಅಳೆಯಿರಿ, ಮೀನಿಗೋಸ್ಕರ ಅಲ್ಲದಿದ್ದರೂ ಮನೆಯ ಮಕ್ಕಳಿಗೋಸ್ಕರ.

ಮೊಬೈಲ್ ಇದೆಯಲ್ಲ, ಬಳಸಿ. ಪ್ರತಿ ತೊಟ್ಟಿಗೆ ಒಂದು ನಂಬರ್ ಕೊಟ್ಟು ತಾರೀಖು, ಪಿಎಚ್, ಅಮೋನಿಯಾ, ನೈಟ್ರೈಟ್, ಸತ್ತ ಮೀನಿನ ಸಂಖ್ಯೆ, ಇಷ್ಟನ್ನು ನೋಟ್ಸ್‌ನಲ್ಲಿ ಬರೆಯಿರಿ. ಕಿಟ್‌ನ ಬಣ್ಣವನ್ನು ಫೋಟೋ ನೋಡಿ ಓದಬೇಡಿ, ಕ್ಯಾಮೆರಾ ಬಣ್ಣ ಬದಲಾಯಿಸುತ್ತದೆ. ಹಗಲು ಬೆಳಕಿನಲ್ಲಿ, ಹಿಂದೆ ಬಿಳಿ ಹಾಳೆ ಹಿಡಿದು, ಕಣ್ಣಿನಿಂದಲೇ ಓದಿ. 200–300 ರೂಪಾಯಿಯ ಟಿಡಿಎಸ್ ಪೆನ್ ಒಂದಿದ್ದರೆ ಸಾಕು ಅನ್ನೋರಿಗೆ ಒಂದು ಮಾತು: ಅದು ಕರಗಿದ ಲವಣ ತೋರಿಸುತ್ತದೆಯೇ ಹೊರತು ಅಮೋನಿಯಾ ತೋರಿಸಲ್ಲ. ನನ್ನ ಮೀನು ಸಾಯುವ ದಿನ ಟಿಡಿಎಸ್ ದಿನದ ಹಾಗೇ ಇತ್ತು.

ಕರೆಂಟ್ ಹೋದಾಗ ಗಾಳಿ ನಿಲ್ಲುತ್ತದೆ, ಸ್ಪಂಜಿನೊಳಗಿನ ಬ್ಯಾಕ್ಟೀರಿಯಾಕ್ಕೂ ಆಮ್ಲಜನಕ ಬೇಕು. ಬ್ಯಾಟರಿ ಇರುವ ಏರ್ ಪಂಪ್ ಒಂದನ್ನಾದರೂ ಇಟ್ಟುಕೊಳ್ಳಿ. ನನ್ನ ಹತ್ತಿರ ಎರಡಿವೆ, ಹಳೇ ಬೈಕ್ ಬ್ಯಾಟರಿಯಲ್ಲಿ ಓಡುತ್ತವೆ.

ಸಹಾಯಧನದ ಬಗ್ಗೆ ಕೇಳುವವರಿಗೆ: 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂಪಾಯಿ ಘಟಕ ವೆಚ್ಚ ಇಟ್ಟಿದ್ದರು. ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ 60. ಈ ಸಾಲಿನಲ್ಲಿ ಅನುದಾನ ಉಂಟೋ ಇಲ್ಲವೋ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಕೇಳಿಕೊಂಡೇ ತೊಟ್ಟಿಗೆ ಕೈ ಹಾಕಿ.

ಬೇಡವಾದ ಮೀನನ್ನು ನಾಲೆಗೋ ಕೆರೆಗೋ ಬಿಡಬೇಡಿ. ಗಾಜು ಕ್ಲೀನ್ ಮಾಡುತ್ತೆ ಅಂತ ತಂದು, ಒಂದಡಿ ಬೆಳೆದ ಮೇಲೆ ಎಸೆದ ಸಕ್ಕರ್ ಮೀನು ದಕ್ಷಿಣ ಭಾರತದ ಎಷ್ಟೋ ಕೆರೆಗಳಲ್ಲಿ ತುಂಬಿಕೊಂಡು ಬಲೆ ಹರಿಯುತ್ತಿದೆ.

ಆ 40 ಮೋಲಿ ಈಗ ಮರಿ ಹಾಕಿ ಎರಡು ತೊಟ್ಟಿ ತುಂಬಿವೆ. ಸಂಘದ ಸಾಲದಲ್ಲಿ ಇನ್ನು ನಾಲ್ಕು ಕಂತು ಬಾಕಿ. ಈ ಸಲ ಹಬ್ಬ ಬಂದಾಗ ಅಮ್ಮ ಪೊರಕೆ ಹಿಡಿದು ಶೆಡ್ ಬಾಗಿಲಲ್ಲೇ ನಿಂತು ಕೇಳಿದರು, "ಒಳೀಕ್ ಬರ್ಲೇನ್ಲಾ, ಇಲ್ಲಾ ಬ್ಯಾಡ್ವಾ?" ನೆಲ ಗುಡಿಸಮ್ಮ, ಸ್ಪಂಜು ಮುಟ್ಟಬೇಡ ಅಂದೆ.